ವಕಾಲತ್ತಿಲ್ಲದ ವಾದ

ನ್ಯಾಯಸ್ಥಾನದ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಹಳೆಯ ಹೆದರಿಕೆಯುಂಟು. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಯಲ್ಲಿ ಆ ಹೆದರಿಕೆಯೆಲ್ಲ ನಾಲ್ಕೇ ಮಾತಿನಲ್ಲಿ ಅಡಗಿದೆ. ಗದ್ದೆಯ ಬದುವಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವನು ಬದುವನ್ನು ಗೆದ್ದುಕೊಂಡು ಗದ್ದೆಯನ್ನು ಮಾರಿದನೆಂಬ ಕಥೆ ಪ್ರತಿಯೊಂದು ಊರಿನಲ್ಲಿಯೂ ಒಂದಾದರೂ ಇರುತ್ತದೆ. ಅಂಥ ಕಥೆಯಲ್ಲಿ ಕಪ್ಪು ನಿಲುವಂಗಿಯ ವಕೀಲರು ಬಂದರೆ, ಅವರು ಹಣದ ಚೀಲದೊಡನೆಯೇ ಬರುವುದು ವಾಡಿಕೆ. ಆದರೆ ಒಂದು ಮಾತನ್ನು ಗಮನಿಸಬೇಕು. ಈ ಗಾದೆ ಹೇಳುವುದು ಮೆಟ್ಟಿಲು ಹತ್ತಬಲ್ಲವನ ಕಷ್ಟವನ್ನು. ಮೆಟ್ಟಿಲನ್ನು ಹತ್ತಲಾರದೆ ಕೆಳಗೇ ಉಳಿದವನ ಕಷ್ಟ ಯಾವ ಗಾದೆಗೂ ವಸ್ತುವಾಗಿಲ್ಲ. ಇಂದಿನ ನನ್ನ ಮಾತು ಅಂಥವರನ್ನು ಕುರಿತದ್ದು. ಅವರಿಗಾಗಿ ಹಣ ಪಡೆಯದೆ ವಾದಿಸಿದ ಒಬ್ಬ ನ್ಯಾಯವಾದಿಯನ್ನು ಕುರಿತದ್ದು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು, ಕಾನೂನು ಓದಿದವನಲ್ಲ. ಆದರೆ ಊರಿನಲ್ಲಿ ಮೇಷ್ಟರಾದವರಿಗೆ ಸಮನ್ಸು ಓದಿ ಹೇಳುವ ಕೆಲಸ ತಪ್ಪಿದ್ದಲ್ಲ. ಮಡಿಸಿದ ಕಾಗದವನ್ನು ಸೆರಗಿನ ಗಂಟಿನಿಂದಲೋ ಅಂಗಿಯ ಒಳಜೇಬಿನಿಂದಲೋ ತೆಗೆದುಕೊಡುವ ಪೋಷಕರು ‘ಇದರಲ್ಲಿ ಏನಿದೆ?’ ಎಂದು ಮೊದಲು ಕೇಳುವುದಿಲ್ಲ. ‘ಇದಕ್ಕೆ ಎಷ್ಟು ಖರ್ಚಾದೀತು ಸ್ವಾಮಿ?’ ಎಂದು ಕೇಳುತ್ತಾರೆ. ವಿಷಯಕ್ಕಿಂತ ಮೊದಲು ಖರ್ಚು ಅವರ ಕಣ್ಣಿಗೆ ಕಟ್ಟುತ್ತದೆ. ಈ ಪ್ರಶ್ನೆಗೆ ನಮ್ಮ ದೇಶದ ಕಾನೂನಿನಲ್ಲಿ ಉತ್ತರವಿದೆ. ಆ ಉತ್ತರ ಹೇಗೆ ಹುಟ್ಟಿತೆಂಬುದನ್ನು ತಿಳಿಯುವುದು ಪ್ರತಿಯೊಂದು ಮನೆಗೂ ಉಪಯುಕ್ತವೆಂದು ನನ್ನ ಭಾವನೆ.

ಮೊದಲು ಎರಡು ಶಬ್ದಗಳ ವಿಚಾರ. ನಾವು ‘ವಕೀಲ’ ಎನ್ನುತ್ತೇವೆ. ಗ್ರಂಥಸ್ಥವಾಗಿ ‘ನ್ಯಾಯವಾದಿ’ ಎನ್ನುತ್ತೇವೆ. ಎರಡೂ ಒಂದೇ ವೃತ್ತಿಯ ಹೆಸರು. ಆದರೆ ಒಳಗಿನ ಅರ್ಥ ಬೇರೆ ಬೇರೆ. ‘ವಕೀಲ’ ಎಂಬುದು ಅರಬ್ಬಿಯ ಮಾತು, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಒಬ್ಬನು ನಂಬಿಕೆಯಿಂದ ತನ್ನ ಕೆಲಸವನ್ನು ಯಾರಿಗೆ ಒಪ್ಪಿಸುತ್ತಾನೋ ಅವನು ವಕೀಲ. ಹಾಗೆ ಒಪ್ಪಿಸಿ ರುಜು ಹಾಕಿದ ಕಾಗದವೇ ವಕಾಲತ್ತುನಾಮೆ. ‘ನ್ಯಾಯವಾದಿ’ ಎಂಬುದು ಸಂಸ್ಕೃತ. ನ್ಯಾಯವನ್ನು ಆಡುವವನು ಎಂದರ್ಥ. ವಕೀಲನಾಗಬೇಕಾದರೆ ಒಪ್ಪಿಸುವವನೊಬ್ಬ ಬೇಕು. ನ್ಯಾಯವಾದಿಯಾಗುವುದಕ್ಕೆ ನ್ಯಾಯವೊಂದಿದ್ದರೆ ಸಾಕು. ಶಬ್ದಗಳ ಈ ಅಂತರವನ್ನು ನಿಘಂಟಿನಲ್ಲಿ ನೋಡಿ ಸುಮ್ಮನಾಗಬಹುದಿತ್ತು. ಆದರೆ 1979ನೆಯ ಇಸವಿಯಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಈ ಅಂತರವೇ ಒಂದು ಮೊಕದ್ದಮೆಯ ಬಾಗಿಲಿನಲ್ಲಿ ಪ್ರಶ್ನೆಯಾಗಿ ನಿಂತಿತು. ಆ ಬಾಗಿಲನ್ನು ತಟ್ಟಿದವರು ಪುಷ್ಪಾ ಕಪಿಲಾ ಹಿಂಗೋರಾಣಿ ಎಂಬ ಮಹಿಳೆ.

ಕಪಿಲಾ ಹಿಂಗೋರಾಣಿಯವರು 1927ರಲ್ಲಿ ಆಫ್ರಿಕಾ ಖಂಡದ ನೈರೋಬಿಯಲ್ಲಿ ಹುಟ್ಟಿದರು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಬ್ರಿಟನ್ನಿಗೆ ಹೋಗಿ, ವೇಲ್ಸ್ ಪ್ರಾಂತದ ಕಾರ್ಡಿಫ್‌ನಲ್ಲಿ ಕಾನೂನು ಓದಿ, ಲಂಡನ್ನಿನ ಲಿಂಕನ್ಸ್ ಇನ್ ಎಂಬ ಹೆಸರಾಂತ ಸಂಸ್ಥೆಯಿಂದ ಬ್ಯಾರಿಸ್ಟರಾದರು. ಬಳಿಕ ಭಾರತಕ್ಕೆ ಬಂದು ಸುಪ್ರೀಂ ಕೋರ್ಟಿನಲ್ಲಿ ವೃತ್ತಿಗೆ ತೊಡಗಿದರು. 1960ರ ದಶಕದ ಮೊದಲ ವರ್ಷಗಳಲ್ಲಿ ಆ ನ್ಯಾಯಾಲಯದಲ್ಲಿ ವಾದಿಸುತ್ತಿದ್ದ ಮಹಿಳೆಯರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಪತಿ ನಿರ್ಮಲ್ ಹಿಂಗೋರಾಣಿಯವರೂ ಅಲ್ಲಿಯೇ ನ್ಯಾಯವಾದಿಗಳು. 1979ರ ಹೊತ್ತಿಗೆ ಕಪಿಲಾ ಅವರು ವೃತ್ತಿಯಲ್ಲಿ ನುರಿತವರಾಗಿದ್ದರು. ಅರ್ಜಿಯನ್ನು ಹೇಗೆ ಬರೆಯಬೇಕು, ಯಾವ ವಿಧಿಯನ್ನು ಆಧರಿಸಬೇಕು, ನ್ಯಾಯಮೂರ್ತಿಗಳು ಕೇಳಬಹುದಾದ ಪ್ರಶ್ನೆ ಯಾವುದು, ಅದಕ್ಕೆ ಸಮಾಧಾನವೇನು, ಇವೆಲ್ಲ ಅವರ ಕೈಗೆ ಬಂದಿದ್ದವು. ಈ ಸಿದ್ಧತೆಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೀನರಿಗೆ ಸಹಾಯ ಮಾಡುವುದಕ್ಕೆ ಮರುಕವೊಂದಿದ್ದರೆ ಸಾಕೆಂದು ನಾವು ತಿಳಿಯುತ್ತೇವೆ. ಮರುಕವುಳ್ಳವರು ಆ ವರ್ಷವೂ ದೇಶದಲ್ಲಿ ಬೇಕಾದಷ್ಟು ಜನರಿದ್ದರು. ಬೀಗ ತೆಗೆಯುವುದಕ್ಕೆ ಬೀಗದ ವಿದ್ಯೆಯೂ ಬೇಕಾಗಿತ್ತು.

ಬೀಗ ಯಾವುದು ಎಂಬುದನ್ನು ಈಗ ನೋಡೋಣ. ‘ವಿಚಾರಣಾಧೀನ ಕೈದಿ’ ಎಂಬ ಮಾತನ್ನು ವಾರ್ತೆಗಳಲ್ಲಿ ಎಲ್ಲರೂ ಕೇಳಿದ್ದೀರಿ. ಅಪರಾಧ ಮಾಡಿದನೆಂದು ಆಪಾದನೆ ಬಂದಿದೆ, ಆದರೆ ನ್ಯಾಯಾಲಯ ಇನ್ನೂ ತೀರ್ಮಾನ ಹೇಳಿಲ್ಲ. ಅಂಥವನು ಸೆರೆಯಲ್ಲಿದ್ದರೆ ಅವನು ವಿಚಾರಣಾಧೀನ ಕೈದಿ. ಕಾನೂನಿನ ದೃಷ್ಟಿಯಲ್ಲಿ ಅವನು ಆ ಕ್ಷಣದವರೆಗೂ ನಿರಪರಾಧಿಯೇ. ಹಣವಂತನಾದರೆ ವಕೀಲರನ್ನು ಇಟ್ಟು, ಜಾಮೀನು ಕೊಟ್ಟು, ಸಂಜೆಗೆ ಮನೆ ಸೇರಬಹುದು. ಬಡವನ ಗತಿ ಬೇರೆ. ಜಾಮೀನು ಎಂದರೆ ನಮ್ಮ ಹಳೆಯ ಕನ್ನಡದಲ್ಲಿ ಹೊಣೆ. ಹೊಣೆ ನಿಲ್ಲುವವರಿಗೆ ಆಸ್ತಿಯಿರಬೇಕು. ಆಸ್ತಿಯಿದ್ದವರು ಕೂಲಿಯವನಿಗೆ ಹೊಣೆ ನಿಲ್ಲುವುದಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮಧ್ಯಪ್ರದೇಶದಿಂದ ಬಂದ ಒಂದು ಪ್ರಕರಣವಿದೆ. ಗಾರೆ ಕೆಲಸದ ಒಬ್ಬ ಬಡವನಿಂದ ಕೆಳಗಿನ ನ್ಯಾಯಾಲಯವು 10,000 ರೂಪಾಯಿಯ ಜಾಮೀನು ಕೇಳಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅದನ್ನು ಕಂಡು ನೊಂದು, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆದರೆ ಅವನ ಕೂಗು ದೆಹಲಿಯವರೆಗೆ ಮುಟ್ಟಿತೆಂಬುದೇ ಒಂದು ಪುಣ್ಯ. ಮುಟ್ಟದವರು ಸಾವಿರಾರು ಜನ.

ಅವರ ಸುದ್ದಿ ಹೊರಬಂದ ಬಗೆ ಹೀಗೆ. ಗಡಿ ಭದ್ರತಾ ಪಡೆಯ ಮೊದಲ ಮುಖ್ಯಸ್ಥರಾಗಿದ್ದ ಕೆ. ಎಫ್. ರುಸ್ತಮ್‌ಜಿ ಎಂಬ ಹಿರಿಯ ಪೊಲೀಸ್ ಅಧಿಕಾರಿಗಳು ಆಗ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರು. ಬಿಹಾರದ ಸೆರೆಮನೆಗಳನ್ನು ಕಣ್ಣಾರೆ ಕಂಡು, 1979ರ ಜನವರಿ 8 ಮತ್ತು 9ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಅವರು ಲೇಖನಗಳನ್ನು ಬರೆದರು. ಪಟ್ನಾ, ಮುಜಫ್ಫರಪುರ ಮೊದಲಾದ ಊರುಗಳ ಜೈಲುಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದರು. ಕೆಲವರ ಮೇಲಿದ್ದ ಆಪಾದನೆ ತೀರ ಸಣ್ಣದು. ರುಜುವಾತಾಗಿ ಪೂರ್ಣ ಶಿಕ್ಷೆಯಾಗಿದ್ದರೂ ಎಂದೋ ಮುಗಿದುಹೋಗಬೇಕಾಗಿತ್ತು. ಶಿಕ್ಷೆಗಿಂತ ನಿರೀಕ್ಷೆ ಉದ್ದವಾಗಿತ್ತು. ಇನ್ನೊಂದು ವಿಷಯವನ್ನು ಕೇಳಿರಿ. ಯಾವ ಅಪರಾಧವನ್ನೂ ಮಾಡದ ಹೆಂಗಸರೂ ಅಲ್ಲಿದ್ದರು. ತಮ್ಮ ಮೇಲೆಯೇ ಅನ್ಯಾಯವಾಗಿ ಅದಕ್ಕೆ ಸಾಕ್ಷಿ ಹೇಳಬೇಕಾದವರನ್ನು ‘ರಕ್ಷಣೆ’ಯ ಹೆಸರಿನಲ್ಲಿ ಸೆರೆಯೊಳಗೆ ಇಟ್ಟಿದ್ದರು. ನೊಂದವಳೇ ಬಂದಿ!

ಈ ಲೇಖನಗಳನ್ನು ಆ ಬೆಳಿಗ್ಗೆ ಲಕ್ಷಾಂತರ ಜನ ಓದಿರಬೇಕು. ‘ಅಯ್ಯೋ ಪಾಪ’ ಎಂದು ಪುಟ ಮಗುಚಿರಬೇಕು. ಹಿಂಗೋರಾಣಿ ದಂಪತಿಗಳು ಪುಟ ಮಗುಚಲಿಲ್ಲ. ಲೇಖನದಲ್ಲಿ ಬಂದಿದ್ದ ಕೈದಿಗಳ ಹೆಸರುಗಳನ್ನು ಹಿಡಿದು, ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟಿಗೆ ‘ಹೇಬಿಯಸ್ ಕಾರ್ಪಸ್’ ಅರ್ಜಿಯನ್ನು ಸಿದ್ಧಪಡಿಸಿದರು. ಇದು ಲ್ಯಾಟಿನ್ ಮಾತು. ಬಂಧನದಲ್ಲಿಟ್ಟಿರುವ ಮನುಷ್ಯನನ್ನು ಸಶರೀರವಾಗಿ ನಮ್ಮ ಮುಂದೆ ತಂದು ನಿಲ್ಲಿಸು, ಯಾವ ಅಧಿಕಾರದಿಂದ ಹಿಡಿದಿಟ್ಟಿದ್ದೀಯೆಂದು ಹೇಳು, ಎಂದು ನ್ಯಾಯಾಲಯವು ಸರ್ಕಾರಕ್ಕೇ ಅಪ್ಪಣೆ ಮಾಡುವ ಕ್ರಮ. ಪ್ರಜೆಯ ಸ್ವಾತಂತ್ರ್ಯಕ್ಕೆ ಇದಕ್ಕಿಂತ ಹರಿತವಾದ ಆಯುಧವಿಲ್ಲ.

ಇಲ್ಲಿಯೇ ನಾನು ಮೊದಲು ಹೇಳಿದ ಪ್ರಶ್ನೆ ಎದುರಾದದ್ದು. ವಕಾಲತ್ತುನಾಮೆ ಎಲ್ಲಿ? ಆ ಕೈದಿಗಳು ದೆಹಲಿಯ ಈ ವಕೀಲರನ್ನು ಕಂಡವರಲ್ಲ, ಹೆಸರು ಕೇಳಿದವರಲ್ಲ. ಅವರ ಬಂಧುಗಳು ಯಾರೂ ಬಂದು ಕೈಮುಗಿದಿರಲಿಲ್ಲ. ಸಾಮಾನ್ಯ ನಿಯಮವೇನೆಂದರೆ, ಅನ್ಯಾಯಕ್ಕೆ ಒಳಗಾದವನು ತಾನೇ ಬರಬೇಕು, ಇಲ್ಲವೆ ಅವನ ಪರವಾಗಿ ಹತ್ತಿರದವರು ಬರಬೇಕು. ದಾರಿಹೋಕರು ಬರುವಂತಿಲ್ಲ. ನಿಯಮ ನ್ಯಾಯವಾದದ್ದೇ, ಇಲ್ಲದಿದ್ದರೆ ಕಂಡವರೆಲ್ಲ ಕಂಡವರ ವ್ಯಾಜ್ಯದಲ್ಲಿ ತಲೆಹಾಕಿಯಾರು. ಆದರೆ ಸಾವಿರ ಕಿಲೋಮೀಟರು ಆಚೆ, ಗೋಡೆಯ ಹಿಂದೆ, ಅಕ್ಷರ ಬಾರದೆ, ಕಾಸಿಲ್ಲದೆ ಬಿದ್ದಿರುವವನು ತಾನೇ ಬಂದು ರುಜು ಹಾಕುವುದು ಹೇಗೆ? ಅವನು ಬರುವವರೆಗೆ ಕಾಯುತ್ತೇವೆಂದರೆ, ಎಂದೂ ಕೇಳುವುದಿಲ್ಲವೆಂದೇ ಅರ್ಥವಲ್ಲವೆ? ನ್ಯಾಯಾಲಯವು ಈ ಮಾತನ್ನು ಮನಗಂಡಿತು. ಪತ್ರಿಕೆಯ ಲೇಖನವನ್ನು ಆಧರಿಸಿದ ಆ ಅರ್ಜಿಯನ್ನು ಕೈಗೆತ್ತಿಕೊಂಡಿತು. ಪಟ್ಟಿಯಲ್ಲಿದ್ದ ಒಬ್ಬ ಹೆಣ್ಣುಮಗಳ ಹೆಸರಿನಿಂದ ಆ ಮೊಕದ್ದಮೆಗೆ ‘ಹುಸೈನಾರಾ ಖಾತೂನ್ ಪ್ರಕರಣ’ ಎಂಬ ಹೆಸರು ನಿಂತಿತು. ವಕೀಲರ ಹೆಸರು ಕಾನೂನಿನ ವಿದ್ಯಾರ್ಥಿಗಳಿಗೂ ಬೇಗನೆ ನೆನಪಾಗುವುದಿಲ್ಲ. ಕೈದಿಯ ಹೆಸರು ಇಡೀ ದೇಶಕ್ಕೆ ಪಾಠವಾಯಿತು. ಅದೇ ಯೋಗ್ಯ.

1979ರ ಫೆಬ್ರವರಿ 12ರಂದು ಮೊದಲ ಆದೇಶ ಬಂದಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಪೀಠದಲ್ಲಿದ್ದರು. ಊರು, ಮನೆ, ಕುಟುಂಬವೆಂದು ಬೇರು ಬಿಟ್ಟಿರುವ ಬಡವನು ಓಡಿಹೋಗುವನೆಂಬ ಭಯ ವ್ಯರ್ಥ. ಅಂಥವನನ್ನು ಹಣದ ಜಾಮೀನು ಕೇಳದೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂಬ ತತ್ತ್ವ ಅಲ್ಲಿ ಸ್ಪಷ್ಟವಾಯಿತು. ಆ ತಿಂಗಳಲ್ಲಿಯೇ ‘ರಕ್ಷಣೆ’ಯ ಹೆಸರಿನ ಸ್ತ್ರೀಬಂಧನವನ್ನು ಕೋರ್ಟು ಖಂಡಿಸಿ, ಅವರನ್ನು ಜೈಲಿನಿಂದ ಬಿಡಿಸಿ ಆಶ್ರಯಧಾಮಗಳಿಗೆ ಒಯ್ಯಬೇಕೆಂದಿತು. ಮಾರ್ಚ್ 9ರಂದು ಬಂದ ಆದೇಶ ಇನ್ನೂ ದೊಡ್ಡದು. ಸಂವಿಧಾನದ 21ನೆಯ ಅನುಚ್ಛೇದವು ಪ್ರತಿಯೊಬ್ಬನಿಗೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಟ್ಟಿದೆ. ತ್ವರಿತವಾದ ವಿಚಾರಣೆ ಆ ಹಕ್ಕಿನಲ್ಲಿಯೇ ಸೇರಿದೆ, ಬಡವನಿಗೆ ವಕೀಲರ ನೆರವೂ ಅದರಲ್ಲಿಯೇ ಸೇರಿದೆ ಎಂದು ನ್ಯಾಯಾಲಯ ಸಾರಿತು. ಜಾಮೀನಿಗೆ ಅರ್ಹರಾದವರ ಪರವಾಗಿ ಸರ್ಕಾರವೇ ತನ್ನ ಖರ್ಚಿನಿಂದ ವಕೀಲರನ್ನು ಒದಗಿಸಬೇಕೆಂದು ಬಿಹಾರಕ್ಕೆ ಅಪ್ಪಣೆಯಾಯಿತು. ಒಂದರ ಹಿಂದೆ ಒಂದಾಗಿ ಬಂದ ಈ ಆದೇಶಗಳ ಫಲವಾಗಿ ಸುಮಾರು 40,000 ವಿಚಾರಣಾಧೀನ ಕೈದಿಗಳು ಹೊರಬಂದರೆಂದು ಲೆಕ್ಕ ಹೇಳುತ್ತಾರೆ. ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆ ಎಂದು ಇಂದು ನಾವು ಪತ್ರಿಕೆಗಳಲ್ಲಿ ಓದುವ ಪದ್ಧತಿ ಈ ದೇಶದಲ್ಲಿ ಬೇರೂರಿದ್ದು ಇಲ್ಲಿಂದ.

ಇದೊಂದೇ ಆಗಿದ್ದರೆ ಅದೃಷ್ಟದ ಗೆಲುವು ಎನ್ನಬಹುದಿತ್ತು. ಮುಂದಿನ ವರ್ಷವೇ ಅದಕ್ಕಿಂತ ಘೋರವಾದ ಸುದ್ದಿ ಬಂದಿತು. ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ತಮ್ಮ ವಶದಲ್ಲಿದ್ದ ಮೂವತ್ತಕ್ಕೂ ಹೆಚ್ಚು ಜನರ ಕಣ್ಣುಗಳನ್ನು ಚುಚ್ಚಿ, ಆಮ್ಲ ಸುರಿದು ಕುರುಡಾಗಿಸಿದ್ದರು. 1980ರ ನವೆಂಬರಿನಲ್ಲಿ ಇದು ಪತ್ರಿಕೆಯಲ್ಲಿ ಬಯಲಾಯಿತು. ಅವರ ಪರವಾಗಿಯೂ ಸುಪ್ರೀಂ ಕೋರ್ಟಿನಲ್ಲಿ ನಿಂತವರು ಕಪಿಲಾ ಹಿಂಗೋರಾಣಿಯವರೇ. ಆ ವಿಚಾರಣೆಯಲ್ಲಿ ಹೊರಬಿದ್ದ ಒಂದು ವಿಷಯ ನಮ್ಮ ಇಂದಿನ ಪ್ರಸಂಗಕ್ಕೆ ಮುಖ್ಯವಾದದ್ದು. ಕುರುಡರಾದ ಆ ಕೈದಿಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಅವರಲ್ಲಿ ಹೆಚ್ಚಿನವರಿಗೆ ವಕೀಲರಿರಲಿಲ್ಲ. ಕಾರಣವೇನೆಂದರೆ, ಅವರು ಕೇಳಿರಲಿಲ್ಲ. ಮ್ಯಾಜಿಸ್ಟ್ರೇಟರು ‘ನಿನಗೆ ವಕೀಲರು ಬೇಕೆ?’ ಎಂದು ವಿಚಾರಿಸಿರಲಿಲ್ಲ. ಕೇಳದವನಿಗೆ ಕೊಡಬೇಕಾಗಿಲ್ಲವೆಂಬ ವಾದವನ್ನು ಕೋರ್ಟು ತಳ್ಳಿಹಾಕಿತು. ಬಡವನಿಗೆ ತನಗೊಂದು ಹಕ್ಕಿದೆಯೆಂಬುದೇ ತಿಳಿಯದು. ತಿಳಿಯದ ಹಕ್ಕನ್ನು ಅವನು ಕೇಳುವುದೆಂತು? ಆದುದರಿಂದ ಮೊದಲ ದಿನ ಹಾಜರುಪಡಿಸಿದಾಗಲೇ ಅವನಿಗೆ ಆ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ, ಹಣವಿಲ್ಲವೆಂಬ ನೆಪವನ್ನು ಸರ್ಕಾರ ಹೇಳುವಂತಿಲ್ಲ, ಎಂದು 1980ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಮೂರನೆಯದು ರುದುಲ್ ಸಾಹ್ ಎಂಬವನ ಪ್ರಕರಣ. 1968ರ ಜೂನ್ ತಿಂಗಳಿನಲ್ಲಿ ಮುಜಫ್ಫರಪುರದ ಸೆಷನ್ಸ್ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಜೈಲಿನ ಬಾಗಿಲು ಮಾತ್ರ ತೆರೆದದ್ದು 1982ರ ಅಕ್ಟೋಬರಿನಲ್ಲಿ. ಹದಿನಾಲ್ಕು ವರ್ಷ! ನಮ್ಮ ಪುರಾಣಗಳಲ್ಲಿ ರಾಮನ ವನವಾಸವೂ ಅಷ್ಟೇ ಕಾಲ. ಆದರೆ ಅಲ್ಲಿ ತಂದೆಯ ಮಾತೊಂದಿತ್ತು, ಹಿಂದಿರುಗುವ ದಿನವೊಂದಿತ್ತು. ಇವನಿಗೆ ಎರಡೂ ಇರಲಿಲ್ಲ. ಕಪಿಲಾ ಅವರ ಅರ್ಜಿ ನ್ಯಾಯಾಲಯದ ಮುಂದೆ ಬರುವಷ್ಟರಲ್ಲಿ ಅಧಿಕಾರಿಗಳು ಅವನನ್ನು ಹೊರಗೆ ಬಿಟ್ಟಾಗಿತ್ತು. ‘ಬಿಟ್ಟೆವಲ್ಲ, ಇನ್ನೇನು?’ ಎನ್ನುವಂತಿತ್ತು ಸರ್ಕಾರದ ಧೋರಣೆ. ಇಷ್ಟಕ್ಕೇ ಕಾಗದವನ್ನು ಕಟ್ಟಿಡಬಹುದಿತ್ತು. ಆದರೆ ಅರ್ಜಿಯಲ್ಲಿ ಬಿಡುಗಡೆಯೊಂದನ್ನೇ ಅಲ್ಲದೆ ನಷ್ಟಪರಿಹಾರವನ್ನೂ ಬೇಡಿದ್ದರು. ವ್ಯಾಜ್ಯ ಅದರ ಬಲದ ಮೇಲೆ ಮುಂದುವರಿಯಿತು. 1983ರ ಆಗಸ್ಟ್ 1ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ತೀರ್ಪಿತ್ತು, ಮೊದಲೇ ಕೊಟ್ಟಿದ್ದ 5,000 ರೂಪಾಯಿಗಳ ಜತೆಗೆ ಮತ್ತೆ 30,000 ರೂಪಾಯಿಗಳನ್ನು ಮಧ್ಯಂತರ ಪರಿಹಾರವಾಗಿ ಕೊಡಿಸಿದರು. ಒಟ್ಟು 35,000. ಹದಿನಾಲ್ಕು ವರ್ಷಗಳಿಗೆ ಹಂಚಿದರೆ ದಿನವೊಂದಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಮೊತ್ತ ಸಣ್ಣದು, ನಿಜ. ಆದರೆ ಮೂಲಭೂತ ಹಕ್ಕನ್ನು ಮುರಿದ ಸರ್ಕಾರ ಅದಕ್ಕೆ ಹಣ ತೆರಬೇಕೆಂಬ ತತ್ತ್ವ ಅಂದು ಗಟ್ಟಿಯಾಯಿತು. ಅನಂತರದ ಎಷ್ಟೋ ತೀರ್ಪುಗಳು ಅದರ ಮೇಲೆ ನಿಂತಿವೆ.

ಹೀಗೆ ನೂರರ ಸಮೀಪದ ಮೊಕದ್ದಮೆಗಳನ್ನು ಕಪಿಲಾ ಹಿಂಗೋರಾಣಿಯವರು ಶುಲ್ಕವಿಲ್ಲದೆ ನಡೆಸಿದರೆಂದು ಅವರನ್ನು ಬಲ್ಲವರು ಬರೆದಿದ್ದಾರೆ. ಇಂಥ ಸೇವೆಗೆ ವೃತ್ತಿಯವರು ‘ಪ್ರೊ ಬೋನೊ’ ಎನ್ನುವರು. ಇದೂ ಲ್ಯಾಟಿನ್, ‘ಪ್ರೊ ಬೋನೊ ಪಬ್ಲಿಕೊ’, ಲೋಕದ ಹಿತಕ್ಕಾಗಿ ಎಂಬ ಮಾತಿನ ಮೊಟಕು ರೂಪ. ಇದನ್ನು ‘ಧರ್ಮಕ್ಕೆ ಮಾಡಿದ ಕೆಲಸ’ ಎಂದು ನಮ್ಮ ಆಡುಮಾತಿನಲ್ಲಿ ಹೇಳುವುದುಂಟು. ಆ ಮಾತಿನಲ್ಲಿ ಒಂದು ಅಪಾಯವಿದೆ. ಧರ್ಮಕ್ಕೆ ಬಂದದ್ದೆಂದರೆ ಹಲ್ಲು ಎಣಿಸಬಾರದ ದಾನದ ಆಕಳೆಂಬ ಭಾವನೆ ಬರುತ್ತದೆ. ಹೇಗೆ ಮಾಡಿದರೂ ಸರಿ, ಕೇಳುವ ಹಾಗಿಲ್ಲ ಎಂಬ ಅಸಡ್ಡೆ ಹುಟ್ಟುತ್ತದೆ. ಕಪಿಲಾ ಅವರ ಕೆಲಸದಲ್ಲಿ ನಾನು ಮೆಚ್ಚುವುದು ಈ ಅಸಡ್ಡೆಯ ಅಭಾವವನ್ನು. ಹಣ ಕೊಡುವ ಕಕ್ಷಿಗಾರರಿಗೆ ಯಾವ ಎಚ್ಚರದಿಂದ ಅರ್ಜಿ ಬರೆಯುತ್ತಿದ್ದರೋ ಕಾಣದ ಕೈದಿಗಳಿಗೂ ಅದೇ ಎಚ್ಚರದಿಂದ ಬರೆದರು. ರುದುಲ್ ಸಾಹ್‌ನ ಅರ್ಜಿಯಲ್ಲಿ ಪರಿಹಾರವನ್ನು ಕೇಳುವ ಭಾಗವಿಲ್ಲದಿದ್ದರೆ ಇಡೀ ಪ್ರಕರಣ ಬಿಡುಗಡೆಯ ದಿನವೇ ಮುಗಿದುಹೋಗುತ್ತಿತ್ತು. ಮುಂದೆ ಏನಾದೀತೆಂದು ಯೋಚಿಸಿ ಬರೆದ ಆ ಕೆಲವು ಸಾಲುಗಳು ಬಡವನ ಪಾಲಿಗೆ ಭಾಗ್ಯವಾದವು.

ಇನ್ನು, ವಕೀಲರು ಬದುಕುವುದು ಬೇಡವೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವೃತ್ತಿಯೆಲ್ಲವೂ ದಾನವಾದರೆ ವೃತ್ತಿ ನಿಲ್ಲದು. ಮನೆ ನಡೆಯಬೇಕು, ಗ್ರಂಥಗಳನ್ನು ಕೊಳ್ಳಬೇಕು, ಗುಮಾಸ್ತರಿಗೆ ಸಂಬಳ ಕೊಡಬೇಕು. ಆದುದರಿಂದಲೇ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಈ ವಿಷಯವನ್ನು ತೂಗಿ ಹೇಳಿವೆ. ನಿಜವಾಗಿ ವಕೀಲರ ಅಗತ್ಯವಿದ್ದು ಶುಲ್ಕ ತೆರಲಾರದವನಿಗೂ ನೆರವು ಸಲ್ಲಬೇಕೆಂಬುದನ್ನು ಪ್ರತಿಯೊಬ್ಬ ವಕೀಲನೂ ನೆನಪಿನಲ್ಲಿಡಬೇಕು. ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ದೀನರಿಗೆ ಶುಲ್ಕವಿಲ್ಲದೆ ಸಹಾಯ ಮಾಡುವುದು ಸಮಾಜಕ್ಕೆ ಅವನು ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲೊಂದು, ಎಂಬುದು ಆ ನಿಯಮದ ತಾತ್ಪರ್ಯ. ಕರ್ತವ್ಯವೆಂಬ ಶಬ್ದವನ್ನು ಗಮನಿಸಿರಿ. ನ್ಯಾಯಾಲಯದಲ್ಲಿ ನಿಂತು ಮತ್ತೊಬ್ಬರ ಪರವಾಗಿ ಮಾತನಾಡುವ ಅಧಿಕಾರವನ್ನು ಸಮಾಜವು ಎಲ್ಲರಿಗೂ ಕೊಟ್ಟಿಲ್ಲ. ಓದಿ ಸನ್ನದು ಪಡೆದ ಕೆಲವರಿಗೆ ಮಾತ್ರ ಕೊಟ್ಟಿದೆ. ಬೇರೆಯವರ ಬಾಯಿಗೆ ಇಲ್ಲದ ಅಧಿಕಾರ ಇವರ ಬಾಯಿಗಿದೆ. ಆ ಅಧಿಕಾರದೊಡನೆ ಒಂದಿಷ್ಟು ಋಣವೂ ಬಂದಿತೆಂದು ತಿಳಿದರೆ ತಪ್ಪಲ್ಲ.

ಒಬ್ಬಿಬ್ಬರ ಉದಾರತೆಯನ್ನೇ ನಂಬಿ ಕೋಟ್ಯಂತರ ಜನ ಕುಳಿತಿರುವುದು ಮಾತ್ರ ಸರಿಯಲ್ಲ. ಆದುದರಿಂದ ಕಾನೂನೂ ಮುಂದೆ ಬಂದಿದೆ. ಸಂವಿಧಾನಕ್ಕೆ 1976ರ ತಿದ್ದುಪಡಿಯಲ್ಲಿ 39ಎ ಎಂಬ ಅನುಚ್ಛೇದ ಸೇರಿ, ಉಚಿತ ಕಾನೂನು ನೆರವು ಸರ್ಕಾರದ ಹೊಣೆಯೆಂದಾಯಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ ಹುಟ್ಟಿ, 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಇದರಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪ್ರಕೃತಿವಿಕೋಪಕ್ಕೆ ಸಿಕ್ಕವರು, ಬಂಧನದಲ್ಲಿರುವವರು ಇವರೆಲ್ಲ ಉಚಿತ ನೆರವಿಗೆ ಅರ್ಹರು. ಇವರ ವರಮಾನವನ್ನು ಕೇಳುವಂತಿಲ್ಲ. ಹೆಣ್ಣೆಂಬುದೇ ಸಾಕಾದ ಕಾರಣ. ಉಳಿದವರಿಗೆ ಗೊತ್ತುಪಡಿಸಿದ ವರಮಾನದ ಮಿತಿಯುಂಟು. ನಮ್ಮ ಕರ್ನಾಟಕದಲ್ಲಿಯೂ ರಾಜ್ಯಕ್ಕೊಂದು ಪ್ರಾಧಿಕಾರ, ಜಿಲ್ಲೆಗೊಂದು ಪ್ರಾಧಿಕಾರ, ಅದರ ಕೆಳಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಂಬ ಏರ್ಪಾಡಿದೆ. ನ್ಯಾಯಾಧೀಶರೇ ಇವುಗಳ ಅಧ್ಯಕ್ಷರು. ಬಿಳಿಯ ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೂ ಅರ್ಜಿ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೆ ಅಲ್ಲಿಯವರು ಬರೆದುಕೊಳ್ಳಬೇಕು. ದೂರವಾಣಿಯಲ್ಲಿ 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಹೀಗೆ ನೇಮಕವಾಗುವ ವಕೀಲರಿಗೆ ಪ್ರಾಧಿಕಾರವೇ ಗೌರವಧನ ಕೊಡುತ್ತದೆ. ಕಕ್ಷಿಗಾರನಿಂದ ಅವರು ಏನನ್ನೂ ತೆಗೆದುಕೊಳ್ಳತಕ್ಕದ್ದಲ್ಲ. ಇದು ತಿಳಿದಿದ್ದರೆ, ಸಮನ್ಸು ಹಿಡಿದು ಬಂದವರ ‘ಎಷ್ಟು ಖರ್ಚಾದೀತು?’ ಎಂಬ ಪ್ರಶ್ನೆಗೆ ನೀವೂ ಉತ್ತರ ಕೊಡಬಲ್ಲಿರಿ.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತೆ? ಹಾಗೆ ಹೇಳಿದರೆ ಸುಳ್ಳಾದೀತು. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ 5,73,220 ಜನ ಕೈದಿಗಳಿದ್ದರೆಂದು ಸರ್ಕಾರದ ವರದಿಯಿದೆ. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಿದ್ಧವಾಗಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣವು, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲವನ್ನೂ, ಇತರನು ಅರ್ಧದಷ್ಟು ಕಾಲವನ್ನೂ ವಿಚಾರಣೆಯಲ್ಲಿಯೇ ಕಳೆದಿದ್ದರೆ ಬಿಡುಗಡೆಗೆ ದಾರಿ ಮಾಡಿದೆ. ಮರಣದಂಡನೆಯ ಅಥವಾ ಜೀವಾವಧಿ ಶಿಕ್ಷೆಯ ಆಪಾದನೆಯಿದ್ದವರಿಗೆ ಇದು ಅನ್ವಯಿಸದು. ಬೇರೆ ಮೊಕದ್ದಮೆಗಳು ಬಾಕಿಯಿದ್ದರೂ ಅಡ್ಡಿಯುಂಟು. ದಿನ ತುಂಬಿದೊಡನೆ ಜೈಲಿನ ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕೆಂದೂ ವಿಧಿಸಿದೆ. ನಿಯಮ ಒಳ್ಳೆಯದು. ಆದರೆ ಆ ದಿನಗಳನ್ನು ಎಣಿಸುವವರು ಬೇಕು. ಕೈದಿಯ ಪರವಾಗಿ ಕ್ಯಾಲೆಂಡರನ್ನು ನೋಡುವ ವಕೀಲರೊಬ್ಬರು ಇಲ್ಲದಿದ್ದರೆ ನಿಯಮವು ಪುಸ್ತಕದಲ್ಲಿಯೇ ಇರುತ್ತದೆ, ಕೈದಿ ಜೈಲಿನಲ್ಲಿಯೇ ಇರುತ್ತಾನೆ.

ಮತ್ತೊಂದು ಕೊರತೆ ನಮ್ಮ ಮನಸ್ಸಿನದು. ದುಡ್ಡು ಕೊಡದ ವಕೀಲರು ಮನಸ್ಸಿಟ್ಟು ವಾದಿಸಿಯಾರೆ ಎಂಬ ಸಂಶಯದಿಂದ ಜನ ಸಾಲ ಮಾಡಿ ಖಾಸಗಿ ವಕೀಲರ ಬಳಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಸಂಶಯಕ್ಕೆ ಅಲ್ಲಲ್ಲಿ ಆಧಾರವೂ ಇದ್ದೀತು. ಅದನ್ನು ಹೋಗಲಾಡಿಸುವ ಭಾರ ವಕೀಲವೃತ್ತಿಯ ಮೇಲಿದೆ. ಇತ್ತ, ಸಾರ್ವಜನಿಕ ಹಿತದ ಹೆಸರಿನಲ್ಲಿ ತಮ್ಮ ಹೆಸರು ಪತ್ರಿಕೆಯಲ್ಲಿ ಬರಲೆಂದು ಅರ್ಜಿ ಹಾಕುವವರೂ ಹುಟ್ಟಿಕೊಂಡಿದ್ದಾರೆ. ಅಂಥವರಿಗೆ ನ್ಯಾಯಾಲಯಗಳು ದಂಡ ವಿಧಿಸಿದ್ದೂ ಉಂಟು. ಒಳ್ಳೆಯ ಬಾಗಿಲೊಂದು ತೆರೆದಾಗ ಬೆಳಕಿನ ಜತೆಗೆ ಸ್ವಲ್ಪ ಧೂಳೂ ಬರುತ್ತದೆ. ಅದಕ್ಕಾಗಿ ಬಾಗಿಲು ಮುಚ್ಚುವುದು ವಿವೇಕವಲ್ಲ.

ಕಪಿಲಾ ಹಿಂಗೋರಾಣಿಯವರು 2013ರ ಡಿಸೆಂಬರಿನಲ್ಲಿ ತೀರಿಕೊಂಡರು. 2017ರಲ್ಲಿ ಅವರ ಭಾವಚಿತ್ರವನ್ನು ಸುಪ್ರೀಂ ಕೋರ್ಟಿನ ಗ್ರಂಥಾಲಯದಲ್ಲಿ ಅನಾವರಣ ಮಾಡಿದರು. ಅವರ ಮಕ್ಕಳೂ ಅದೇ ವೃತ್ತಿಯಲ್ಲಿದ್ದಾರೆ. ಆ ಭಾವಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ನೋಡುವ ಸಂಭವವಿಲ್ಲ. ಆದರೆ ನಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿಯ ಫಲಕವನ್ನು ಎಲ್ಲರೂ ನೋಡಬಹುದು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಒಂದು ಗಳಿಗೆ ನಿಂತು ಅದನ್ನು ಓದಿರಿ. ಕೆಲಸಕ್ಕೆ ಬರುವ ಹುಡುಗಿಗೆ, ಹೊಲದಾಳಿಗೆ, ನೆರೆಯ ವಿಧವೆಗೆ ಅದರಲ್ಲಿರುವುದನ್ನು ಹೇಳಿರಿ. ನ್ಯಾಯವಾದಿಯ ಸನ್ನದು ನಮಗೆ ಇಲ್ಲದಿರಬಹುದು. ದಾರಿ ಗೊತ್ತಿಲ್ಲದವರಿಗೆ ದಾರಿ ತೋರಿಸುವುದಕ್ಕೆ ಯಾವ ವಕಾಲತ್ತೂ ಬೇಕಾಗಿಲ್ಲ.